ಖಾಲಿ ಗಾಡಿಯ ತೂಕ

ಬೆಳಗಿನ ಐದೂಕಾಲಿಗೆ ಒಂದು ಬಿಳಿ ಮಾತ್ರೆ,
ಹೆಸರುಕಾಳಿಗಿಂತ ಚೂರು ದೊಡ್ಡದು.
ಆಮೇಲೆ ಒಂದು ಗಂಟೆ ಕಾಫಿ ಇಲ್ಲ.
ಹಿತ್ತಲ ಮೆಟ್ಟಿಲ ಮೇಲೆ ಕೂತು
ಬೆರಳುಗಳನ್ನು ಒಂದೊಂದಾಗಿ ಎಬ್ಬಿಸುತ್ತೇನೆ.
ಉಂಗುರದ ಬೆರಳು ಸೋಮಾರಿ, ಕೊನೆಗೆ ಏಳುತ್ತದೆ;
ಉಂಗುರ ಅಕ್ಕಿ ಡಬ್ಬಿ ಸೇರಿ ಎರಡು ವರ್ಷವಾಯಿತು.

ಎಂಟಕ್ಕೆ ಮಂಡ್ಯದಾಚೆ, ಕೊಪ್ಪದ ರಸ್ತೆಯಲ್ಲಿ
ವೇಬ್ರಿಡ್ಜಿನ ಕಿಟಕಿ ತೆರೆಯುತ್ತೇನೆ.
ಕಬ್ಬಿನ ಟ್ರ್ಯಾಕ್ಟರು ಉಬ್ಬಸಪಡುತ್ತ ತಟ್ಟೆ ಹತ್ತುತ್ತದೆ,
ಕೆಂಪಂಕಿಗಳು ಓಡಿ, ತಡವರಿಸಿ, ನಿಲ್ಲುತ್ತವೆ.
ಇಳಿಸಿ ಬಂದ ಮೇಲೆ ಖಾಲಿ ಗಾಡಿ ಮತ್ತೆ ಹತ್ತಬೇಕು.
ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಸರಕು.
ಇಷ್ಟೇ ನನ್ನ ವಿದ್ಯೆ.
ಹನ್ನೊಂದು ವರ್ಷ ಒಂದು ಕಿಲೋ ಆಚೀಚೆ ಆಗಿಲ್ಲ.

ಮೊನ್ನೆ ಮರಿಲಿಂಗಯ್ಯನ ಚೀಟಿಯಲ್ಲಿ
ಏಳು ಬರೆಯಬೇಕಾದಲ್ಲಿ ಪೆನ್ನು ನಿಂತಿತು.
ಏಳು ಯಾವ ಕಡೆಗೆ ಬಾಗುತ್ತದೆ?
ಆಲೆಮನೆಯ ಹೊಗೆಯೆಲ್ಲ ಬೀಸಿ ಬಂದು
ತಲೆಯೊಳಗೇ ಕೂತಂತೆ.
'ಯಾಕವ್ವಾ, ಲೆಕ್ಕ ತಪ್ತಾ?' ಅಂದ.
ನಕ್ಕೆ. ಎಂಟರಿಂದ ಹಿಂದಕ್ಕೆ ಎಣಿಸಿ ಏಳನ್ನು ಹುಡುಕಿದೆ.

ಅತ್ತಿಗೆ ಸಿಕ್ಕಾಗಲೆಲ್ಲ ಕೆನ್ನೆ ಹಿಂಡುತ್ತಾಳೆ:
'ಮೈ ತುಂಬ್ಕಂಡಿದ್ದೀಯ ಕಣವ್ವಾ, ಸುಕವಾಗಿದ್ದೀಯ.'
ಬಾಚಣಿಗೆಯಲ್ಲಿ ಬರುವ ಕೂದಲ ಉಂಡೆಯನ್ನು
ಅವಳಿಗೆ ತೋರಿಸುವುದಿಲ್ಲ.
ತೋರಿಸಿದರೆ ಮೆಣಸಿನಕಾಯಿ ನಿವಾಳಿಸುತ್ತಾಳೆ,
ಘಾಟಿಗೆ ಕೆಮ್ಮುವವಳು ನಾನು.

ಮೈಸೂರಿನ ಡಾಕ್ಟರಮ್ಮ ನನಗಿಂತ ಚಿಕ್ಕವಳು.
ಮೂರು ವರ್ಷದ ರಿಪೋರ್ಟುಗಳನ್ನು ಇಸ್ಪೀಟಿನೆಲೆಗಳಂತೆ ಹರಡಿ
ಥೈರಾಯ್ಡು ಹಿಡಿತದಲ್ಲಿದೆ, ಇದು ನಾರ್ಮಲ್, ಇದೂ ನಾರ್ಮಲ್ ಎಂದಳು.
ಹಾಗಾದರೆ ಏಪ್ರಿಲ್ ಬಿಸಿಲಲ್ಲಿ ನಾನೇಕೆ ಸ್ವೆಟರ್ ಹಾಕುತ್ತೇನೆ,
ಎಡತೊಡೆಯ ಮೇಲೆ, ಅಂಗೈಯಷ್ಟು ಜಾಗದಲ್ಲಿ,
ಯಾರು ದಿನಾ ಬಿಸಿನೀರು ಚೆಲ್ಲಿ ಹೋಗುತ್ತಾರೆ?
ಬರೆದುಕೊಂಡಳು.
ಆ ದಿನಕ್ಕೆ, ಅವಳು ಬರೆದುಕೊಂಡದ್ದೇ ನನಗೆ ಔಷಧಿ.
'ಕೆಲವಕ್ಕೆ ನಮ್ಮ ಹತ್ತಿರ ಹೆಸರಿಲ್ಲಮ್ಮ.
ಒಂದಂತೂ ಗೊತ್ತು, ಕಾಯಬೇಕಾದದ್ದೇ ನಿಮ್ಮನ್ನು ಕಚ್ಚುತ್ತಿದೆ.'

ನನಗೆ ಕರಿಯ ನೆನಪಾದ,
ವೇಬ್ರಿಡ್ಜಿನ ನಾಯಿ.
ಹೆಲ್ಮೆಟ್ ಹಾಕಿ ಹೋದ ಮೊದಲ ದಿನ
ದಿನಾ ಅನ್ನ ಹಾಕುವ ನನ್ನ ಮೀನಖಂಡಕ್ಕೇ ಬಾಯಿ ಹಾಕಿದ್ದ.
ಹೆಲ್ಮೆಟ್ ತೆಗೆದಾಗ ನೋಡಬೇಕಿತ್ತು ಅವನ ಮುಖ.
ಕೈಯಲ್ಲಿ ಕೋಲಿತ್ತು. ಹೊಡೆಯಲಾಗಲಿಲ್ಲ.
ಈ ಮೈಗೆ ನಾನು ಯಾವ ಹೆಲ್ಮೆಟ್ ಹಾಕಿ ಎದುರಾದೆನೋ,
ಇನ್ನೂ ಗುರುತು ಹತ್ತಿಲ್ಲ ಅದಕ್ಕೆ.

ಸಿದ್ದಪ್ಪಾಜಿ ಈಗ 'ಹೇಗಿದ್ದೀಯ' ಎಂದು ಕೇಳುವುದಿಲ್ಲ.
ಕೇಳಿ ಕೇಳಿ ಅವನಿಗೂ ಸಾಕಾಗಿದೆ,
ಹೇಳಿ ಹೇಳಿ ನನಗೂ.
ಆದರೆ ರಾತ್ರಿ ಪಾಳಿಗೆ ಹೋಗುವ ಮುಂಚೆ
ಉಪ್ಪಿನಕಾಯಿ ಜಾಡಿ, ಎಣ್ಣೆ ಡಬ್ಬಿ, ನೀರಿನ ಬಾಟಲಿ,
ಎಲ್ಲದರ ಮುಚ್ಚಳ ಸಡಿಲಿಸಿ ಇಟ್ಟಿರುತ್ತಾನೆ.
ನಾನು ಗಮನಿಸಿಲ್ಲ ಎಂದುಕೊಂಡಿದ್ದಾನೆ.

ಇವತ್ತು ಮಧ್ಯಾಹ್ನ ಗಾಡಿಗಳಿಲ್ಲದ ಹೊತ್ತು
ಚಪ್ಪಲಿ ಬಿಟ್ಟು ನಾನೇ ತಟ್ಟೆ ಹತ್ತಿದೆ.
ಕಬ್ಬಿಣ ಕಾದಿತ್ತು, ಕಾಲಿಗೆ ಹಿತವಾಗಿತ್ತು.
ಹತ್ತತ್ತು ಕಿಲೋಗೆ ನೆಗೆಯುವ ಯಂತ್ರ,
ಕಿಟಕಿಯೊಳಗೆ ಕೆಂಪಂಕಿ ಎಪ್ಪತ್ತೋ ಎಂಬತ್ತೋ ತಿಳಿಯದೆ ಮಿನುಗುತ್ತಿತ್ತು.
ಇದರಲ್ಲಿ ನೀರೆಷ್ಟು, ಬಾವೆಷ್ಟು, ದಣಿವೆಷ್ಟು,
ಕಳೆಯೋಣವೆಂದರೆ
ನನ್ನ ಖಾಲಿ ತೂಕವನ್ನು ಯಾರೂ ಬರೆದಿಟ್ಟಿಲ್ಲ.
ಇಪ್ಪತ್ತೆಂಟರಲ್ಲಿ ಬಾವಿಯಿಂದ ಎರಡೆರಡು ಕೊಡ ಎತ್ತುತ್ತಿದ್ದವಳು
ಎಷ್ಟು ತೂಗುತ್ತಿದ್ದಳೋ,
ಆಗ ತೂಗಿಕೊಳ್ಳಬೇಕೆಂದು ಯಾರಿಗೆ ಹೊಳೆದೀತು.

ಹಿಂದಿನಿಂದ ಹಾರ್ನು. ಮರಿಲಿಂಗಯ್ಯ,
ಕಬ್ಬಿನ ಸೋಗೆ ರಸ್ತೆಯುದ್ದ ಗುಡಿಸಿಕೊಂಡು ಬಂದಿದ್ದಾನೆ.
ಕರಿಯ ಎದ್ದು ಬೊಗಳಿದ, ಅವನಿಗೋ ನನಗೋ.
ಮಂಡಿ ಹಿಡಿದುಕೊಂಡಿದೆ.
ತಡಿಯಪ್ಪಾ,
ನಾನಿನ್ನೂ ಇಳಿದಿಲ್ಲ.