ಐದು ಮಿಲಿ

ಅಣ್ಣಿಗೇರಿ ದಾಟಿದ ಮೇಲೆ ಕಂಡಕ್ಟರ್ ಕೇಳಿದ:
"ಡಬ್ಬಿಯೊಳಗ ಏನ್ರೀ ಮೇಡಂ?"
ಹಾಲು, ಅಂದೆ.
"ಎಷ್ಟ ಲೀಟರ್? ಲಗೇಜ್ ಮಾಡಸಬೇಕಾಗ್ತದ."
ಐದೈದು ಮಿಲಿ. ಹನ್ನೊಂದು ಬಾಣಂತ್ಯಾರದು.
ನಕ್ಕ. ಆಮೇಲೆ ಯಾಕೋ ನಗಲಿಲ್ಲ.
ತೊಡೆಯ ಮೇಲಿನ ಐಸ್ ಪೆಟ್ಟಿಗೆಯಿಂದ
ಸೀರೆ ತಣ್ಣಗೆ ಒದ್ದೆಯಾಗುತ್ತಿತ್ತು.

ಬೆಳಗ್ಗೆ ಬೆಟಗೇರಿಯಲ್ಲಿ
ಬನಶಂಕರಿ ಮಗ್ಗದ ಕುಣಿಯಿಂದ ಎದ್ದು ಬಂದಳು,
ಸೆರಗಿಗೆ ನೂಲಿನ ಜುಂಗು.
ಗೋಡೆಗೆ ಮುಖ ಮಾಡಿ ಕೂತಳು.
ಮೊದಲ ಹನಿ ಬರಲು
ಒಳಗೆ ಕೂಸು ಅಳಬೇಕಾಯಿತು.
ಅತ್ತೆ ಹೊಸ್ತಿಲಲ್ಲೇ:
"ಜ್ವರದಾಗ ಕುಡಸಬ್ಯಾಡ ಅಂದಿದ್ದೆ.
ಬಾಯಿಗೆ ಅರಿವಿ ಕಟಗೊಂಡು ಕುಡಿಸಿದ್ಲು.
ಯಾರದು ತಪ್ಪು, ನೀವ ನೋಡಿ ಹೇಳ್ರಿ."

ಹೇಳುವ ಅಧಿಕಾರ ನನಗಿಲ್ಲ.
ಸಹಿ ಮಾಡಿಸಿದ ಕಾಗದದಲ್ಲೇ ಇದೆ, ಏಳನೇ ಸಾಲು.
ಶೀಶೆಯ ಮೇಲೆ ಹೆಸರೂ ಇಲ್ಲ. ಬೆ-೧೭.

ಓಣಿಯ ತುದಿಯವರೆಗೆ ಬಂದು
ಬನಶಂಕರಿ ಕೇಳಿದ್ದು ಬೇರೆ:
"ಉಳಿದಿದ್ದು ಏನ ಮಾಡ್ತೀರಿ?
ತುಳಿಯೂ ಜಾಗಾದಾಗ ಚೆಲ್ಲಬ್ಯಾಡ್ರಿ ಮತ್ತ.
ನಾವು ಮಲ್ಲಿಗಿ ಬುಡಕ್ಕ ಹಾಕ್ತೀವಿ."

ಹುಬ್ಬಳ್ಳಿ. ರಾತ್ರಿ ಒಂಬತ್ತು.
ಕರೆಂಟು ಎರಡು ಸಲ ಹೋಗಿ ಬಂದಿದೆ.
ಗರಗರ ತಿರುಗಿದ ಹಾಲಿನಲ್ಲಿ ಕೆನೆ ಮೇಲೆದ್ದಿದೆ,
ಕೆಳಗಿನ ತಿಳಿಯನ್ನು ಬಿಡುತ್ತೇನೆ
ತಟ್ಟೆಯ ತೊಂಬತ್ತಾರು ಕುಣಿಗಳಿಗೆ.
ಪ್ರತಿಕಾಯವೆಂದರೆ, ಚಿತ್ರದಲ್ಲಿ,
ಬುಡಕ್ಕೆ ಬುಡ ಕಟ್ಟಿದ ಎರಡು ಕವಲುಗೋಲು.
ಓಣಿಯುದ್ದ ಹಾಸು ಹೂಡುವಾಗ
ನೂಲು ನೆಲ ಮುಟ್ಟದಂತೆ ಊರುತ್ತಾರಲ್ಲ, ಹಾಗೆ.
ಅದರ ಮೇಲೊಂದು ಹೊದಿಕೆ,
ಕೂಸಿನ ಹೊಟ್ಟೆಯಲ್ಲಿ ಕರಗದಿರಲೆಂದು.
ಹೊದಿಸಿದ್ದು ಅವಳೇ,
ನಡುರಾತ್ರಿ, ನಿದ್ದೆಗಣ್ಣಲ್ಲಿ, ತನಗೇ ಗೊತ್ತಿಲ್ಲದೆ.

ಬಣ್ಣ ಹಾಕಿದೆ. ಕಾದೆ.
ಹದಿನೇಳು ನೀಲಿಗಟ್ಟಿತು,
ಒಂದು ಹನಿ ಆಮ್ಲಕ್ಕೆ ಅರಿಸಿನವಾಯಿತು,
ಪಕ್ಕದವೆಲ್ಲಕ್ಕಿಂತ ದಟ್ಟ.
ಜ್ವರ ಬಿಟ್ಟು ಮೂರು ತಿಂಗಳಾಗಿದೆ ಅವಳಿಗೆ.
ಕೂಸನ್ನು ಕಾದದ್ದು ಇದೇನಾ?
ಈ ಹಳದಿ ಅಷ್ಟು ಮುಂದೆ ಹೋಗಿ ಮಾತಾಡುವುದಿಲ್ಲ.
ಅತ್ತೆಯ ಬಾಯಿ ಮುಚ್ಚಲು ಇಷ್ಟೇ ಸಾಕಿತ್ತು.
ಅಂಕಿ ಬರೆದು ವಹಿ ಮುಚ್ಚಿದೆ.

ಉಳಿದದ್ದನ್ನು ನಿಯಮದಂತೆ
ಹಬೆಯಲ್ಲಿ ಕುದಿಸಿ ಎಸೆಯಬೇಕು.
ಕುದಿಸಿದೆ.
ಇನ್ನು ಅದರಲ್ಲಿ ಕಾಯುವುದೂ ಇಲ್ಲ, ಕಾಡುವುದೂ ಇಲ್ಲ,
ಚಮಚೆಯಷ್ಟು ಬೆಳ್ಳನೆ ನೀರು.
ಹಿತ್ತಲಿಗೆ ಟಾರ್ಚ್ ಹಿಡಿದು ಹೋದೆ.

ಇಲ್ಲಿ ಮಲ್ಲಿಗಿ ಇಲ್ಲ ಬನಶಂಕರಿ.
ವಾಚ್‌ಮನ್ ಹೆಂಡತಿ ಹಚ್ಚಿದ
ಒಂದು ಕರಿಬೇವು ಐತಿ.