ಹನ್ನೊಂದನೇ ಪಂಜರ

ಸಬಿಹಾ ಮೇಡಂ ಎರಡು ಇಲಿ ಕೂಡಿಸಿ ಹೊಲದ್ರು,
ಪಕ್ಕೀಗೆ ಪಕ್ಕಿ, ಭುಜದಿಂದ ತೊಡೀ ತನಕ.
ಎಡಗಡೆಯಾಕೀ ಅಂಡಾಶಯ ಮೊದಲೇ ತಗದಿದ್ರು.
ಮೂರು ದಿನ ಒಂದು ನೀರಿನ ಕಡೆ ಎಳೀತಿತ್ತು,
ಇನ್ನೊಂದು ಕಾಳಿನ ಕಡೆ.
ನಾಲ್ಕನೇ ದಿನ ಎರಡೂ ಮೂಲೀಗೆ ಹೋಗಿ ಮಲಗಿದ್ವು.

ಬೀದರದ ಈ ಕಾಲೇಜಿನ್ಯಾಗ
ಹನ್ನೆರಡು ವರ್ಷ ಆಯ್ತು ನಾ ಪಂಜರ ತೊಳೀಲಿಕತ್ತು.
ಇಂಥ ಜೋಡಿ ನೋಡಿರಲಿಲ್ಲ.

ಚಹಾ ಆರಿಸ್ಕೋತ ಮೇಡಂ ಹೇಳಿದ್ರು:
"ಜಗದೇವಿ, ಮಿದುಳಿನ ಬುಡಕ ಜೋಳದ ಕಾಳಷ್ಟು ಗ್ರಂಥಿ ಅದ.
ಕೆಳಗಿನ ಮನೀಗೆ ಹುಕುಂ ಕಳಸೋದು ಅದರ ಕೆಲಸ.
ಮನೀನೇ ಇಲ್ಲಂದ್ರ ಸಾಕು ಅನ್ನೋರು ಯಾರು?
ಕಳಸ್ತಾನೇ ಇರ್ತದ."
ಆ ಹುಕುಂ ಹೊಲಗಿ ದಾಟಿ ಬಾಜೂಕಿನಾಕೀಗೆ ಹೋಗ್ತದಂತ.
ಆಕೀ ಬಿಡುವಿಲ್ದೆ ಬೆದೀಗೆ ಬರ್ತಾಳಂತ,
ತನ್ನದಲ್ಲದ ಕೂಗಿಗೆ.

"ಆಕೀ ಜವಾಬು ಈಕೀಗೆ ಮುಟ್ಟಂಗಿಲ್ಲೇನ್ರಿ?"
"ನಡು ಹಾದ್ಯಾಗ ಲಿವರ್ ಅದನ್ನ ಒಡದು ಹಾಕ್ತದ."

ಕಪ್ಪು ತೊಳದು ಬೋರಲು ಇಟ್ಟೆ.

ಇಪ್ಪತ್ತೊಂಬತ್ತಕ್ಕ, ಹುಮನಾಬಾದಿನ ದವಾಖಾನ್ಯಾಗ,
ಗಡ್ಡಿ ಅದ ಅಂತ ನನ್ನವೂ ತಗದರು.
ಚೀಟಿ ಇನ್ನೂ ಅದ, ಅಕ್ಷರ ಅಳಿಸ್ಯಾವ.
ಅವತ್ತಿಂದ ರಾತ್ರಿ ಎರಡಕ್ಕ
ಎದ್ಯಾಗ ಬೆಂಕಿ ಎದ್ದು ಕುತ್ತಿಗೀಗೆ ಏರ್ತದ,
ಆಮ್ಯಾಲ ಬೆವತು ತಣ್ಣಗಾಗ್ತೀನಿ.
ನಮ್ಮನ್ಯಾವ್ರು ಫ್ಯಾನ್ ಜೋರು ಮಾಡ್ತಾರ,
ಏನೂ ಕೇಳಂಗಿಲ್ಲ.
ಅದನ್ನ ಗಾಳಿ ಅಂದೆ, ದಿಷ್ಟಿ ಅಂದೆ,
ಸಂತೀ ಎಣ್ಣೀದು ಅಂದೆ.
ನನ್ನ ತಲ್ಯಾಗೂ ಒಂದು ಜೋಳದ ಕಾಳು ಕೂತು
ಕೆಡವಿದ ಮನೀ ಬಾಗಲ ಬಡೀಲಿಕತ್ತದ ಅಂತ
ಇಷ್ಟು ವರ್ಷ ಯಾರೂ ಹೇಳಲಿಲ್ಲ.

ನನ್ನ ಬಾಜೂಕ ಯಾರನ್ನೂ ಹೊಲದಿಲ್ಲ.
ಅದು ಒಳ್ಳೇದೋ?
ಗೊತ್ತಿಲ್ಲ.

ಸೋಮವಾರ ಕೊಯ್ದರು.
ಬಲಗಡೆಯಾಕೀದು ತಕ್ಕಡ್ಯಾಗ ಇಟ್ಟಾಗ
ಕೆಂಪು ಅಂಕಿ ಏರಿ, ಮತ್ತ ಏರಿ ನಿಂತ್ವು.
"ಮಾಶಾಅಲ್ಲಾ" ಅಂದು ಮೇಡಂ
ತಮ್ಮ ಬಾಯಿ ತಾವೇ ಮುಚ್ಚಿಕೊಂಡ್ರು.

ಸತ್ತದ್ದರ ಲೆಕ್ಕ ಬರ್ಯೋದು ನಾನೇ.
"ಒಂದಂತ ಬರೀಲೇನ್ರಿ, ಎರಡಂತ?"
"ಎರಡು."
ಬರದೆ.
ಹಿಂದಿನ ಪುಟದಾಗ ನನ್ನ ಕೈಬರಹದಾಗೇ
ದಿನಾ ಒಂದು ಬಟ್ಟಲು ಕಾಳು ಅಂತಿತ್ತು.
ತಿದ್ದಲಿಲ್ಲ.

ಸಂಜೀಗೆ ಪಂಜರ ತೊಳೀಲಿಕ್ಕ ಎತ್ತಿದೆ.
ಹೊಟ್ಟಿನ್ಯಾಗ ಒಂದೇ ಕುಳಿ ಬಿದ್ದಿತ್ತು,
ಇಬ್ಬರ ಅಗಲದ್ದು.