ಒತ್ತಕ್ಷರಕ್ಕೆ ಬೇರೆ ದರ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದುಗಡೆ ನನ್ನ ಅಂಗಡಿ.
ತಗಡಿನಲ್ಲಿ ಅಕ್ಷರ ಕೊಯ್ಯುತ್ತೇನೆ.
ಬಿಡಿ ಅಕ್ಷರಕ್ಕೊಂದು ದರ, ಒತ್ತಕ್ಷರಕ್ಕೆ ಬೇರೆ.
ಹಾಗಾಗಿ ಸಂಸ್ಕೃತದ ಹೆಸರುಗಳ ಮೇಲೆ
ನನಗೆ ಮೊದಲಿನಿಂದ ಒಂದಿಷ್ಟು ಭಕ್ತಿ.

ಹನ್ನೊಂದು ವರ್ಷದ ಹಿಂದೆ, ಹುಲ್ಲುಬಯಲ ನಡುವೆ
ಜಾಗತಿಕ ತಾಂತ್ರಿಕ ವಿಶ್ವವಿದ್ಯಾಲಯ
ಎಂದು ಕಮಾನಿನ ಮೇಲೆ ಕೂರಿಸಿದವನೂ ನಾನೇ.
ಆ ದುಡ್ಡಿನಲ್ಲಿ ಮಗಳ ಕಿವಿಗೆ ಓಲೆಯಾಯಿತು.
ಜಗತ್ತು ಮಾತ್ರ ಈ ಕಡೆ ಬರಲಿಲ್ಲ.
ಬಂದದ್ದು ಮೊಳಕಾಲ್ಮೂರು, ಹಿರಿಯೂರಿನ ಹುಡುಗರು,
ಧೂಳು, ಗಾಳಿ,
ಜಾ ಅಕ್ಷರದ ಹೊಟ್ಟೆಯಲ್ಲಿ ಗೂಡಿಟ್ಟ ಕಣಜ.

ಹೊಸ ಕುಲಪತಿ ಪಂಕಜಾಕ್ಷಿ ಮೇಡಂ
ತಲೆಗೆ ಸೆರಗು ಹೊದ್ದು ಬಿಸಿಲಲ್ಲೇ ನಿಂತು ಹೇಳಿದರು:
"ಇಲ್ಲಿ ನಾವು ಕಲಿಸೋದು ಹುಲ್ಲು, ದನ, ಒಣಮಣ್ಣು,
ಬಾರದ ಮಳೆಯ ಲೆಕ್ಕ.
ಹೆಸರೂ ಅದನ್ನೇ ಹೇಳಲಿ.
ಕಾವಲು ವಿಶ್ವವಿದ್ಯಾಲಯ."

ಕಾ. ವ. ಲು.
ಹುಡುಕಿದರೂ ಒಂದು ಒತ್ತಿಲ್ಲ.
ಗೇಟಿನ ದುರುಗೇಶ ತನ್ನ ಖಾಕಿ ಅಂಗಿ ಮುಟ್ಟಿಕೊಂಡು ನಕ್ಕ:
"ಕೊನೆಗೂ ನನ್ ಹೆಸ್ರೇ ಇಟ್ರು ನೋಡು,
ಸಂಬ್ಳ ಮಾತ್ರ ಹಳೇದೇ."

ಕಣಜಕ್ಕೆ ಹೊಗೆ ಹಾಕಿ ಜಗತ್ತನ್ನು ಇಳಿಸಿದೆ.
ತಾಂತ್ರಿಕದ ಕೊನೆಯ ಕ ಗಟ್ಟಿಯಾಗಿತ್ತು, ತುಕ್ಕಿಲ್ಲ;
ಅದರ ತಲೆಕಟ್ಟು ಕೊಯ್ದು
ಜಾ-ದಿಂದ ಕಿತ್ತ ಇಳಿಯನ್ನು ಬೆಸೆದೆ.
ಕಾ ಆಯಿತು, ಪುಕ್ಕಟೆ.
(ಬಿಲ್ಲಿನಲ್ಲಿ ಹಾಗಂತ ಬರೆಯಲಿಲ್ಲ.)
ವ ಹೊಸದು. ಲ ಹೊಸದು.

ಲ-ಕ್ಕೆ ಕೊಂಬು ಬೆಸೆಯುವಾಗ
ಬೇಲಿಯಾಚೆ ಕಿಲಾರಿ ಬೋಸಯ್ಯ,
ಹೆಗಲಲ್ಲಿ ಕಂಬಳಿ, ಬೆನ್ನಿಗೆ ಹದಿನಾರು ದನ.
ಓದು ಬಾರದವನು.
"ಅದೇನದು?"
"ಲ. ಕೊಂಬು ಕೊಟ್ರೆ ಲು."
"ಕೊಂಬಾ?"
ಕೋಲೂರಿ, ಕಣ್ಣು ಕಿರಿದು ಮಾಡಿ,
ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವನ ಹಾಗೆ ನೋಡಿದ.
"ಗಿಡ್ಡಾತು. ಇದು ನಮ್ ಕಾವಲಿನ ದನ ಅಲ್ಲ,
ಯಾರೋ ಎಲ್ಲಿಂದ್ಲೋ ಹೊಡ್ಕಂಡು ಬಂದೈತೆ.
ನಮ್ಮವುಕ್ಕೆ ಹಿಂದಕ್ಕೆದ್ದು ಮ್ಯಾಕೆ ಹೋಗ್ತಾವೆ ಕೊಂಬು."

ಇಳಿದೆ. ಕೊಂಬು ಬಿಚ್ಚಿದೆ.
ಒಂದು ಗೇಣು ಹೆಚ್ಚಿಗೆ ಕೊಯ್ದೆ.
ಅದಕ್ಕೆ ಏನು ದರ ಎಂದು ನನಗೂ ಗೊತ್ತಿರಲಿಲ್ಲ.
ಕನ್ನಡ ವಿಭಾಗದವರೊಬ್ಬರು ಕನ್ನಡಕ ಏರಿಸಿ
"ಲು ಸ್ವಲ್ಪ ಉದ್ದ ಆಯ್ತಲ್ಲ" ಅಂದರು.
ಮೇಡಂ "ಇರಲಿ" ಅಂದರು.

ಸಂಜೆ ದೀಪ ಹಾಕಿದಾಗ
ಹೊಸ ಅಕ್ಷರಗಳ ಸಂದಿಯಲ್ಲಿ
ಹಳೆಯವು ಬಿಟ್ಟುಹೋದ ಬಿಳಿ ಸುಣ್ಣ;
ಕತ್ತು ಓರೆ ಮಾಡಿದರೆ ಜಾಗತಿಕ ಇನ್ನೂ ಓದಲು ಬರುತ್ತಿತ್ತು.

ಬೋಸಯ್ಯ ಹೋಗಿರಲಿಲ್ಲ.
"ಈಗೇನಂತ ಬರ್ದೀಯಪ್ಪಾ?"
"ಕಾವಲು."
"ಅಂಗಾರೆ ಗೇಟು ತೆಗೀರಿ."

ದುರುಗೇಶ ಮೇಡಂ ಮುಖ ನೋಡಿದ.
ಮೇಡಂ ಅಕ್ಷರ ನೋಡಿದರು.
ದನಗಳು ಸರಳುಗಳ ಈಚಿನ ಹುಲ್ಲು ನೋಡಿದವು.
ಕೀಲಿಗೊಂಚಲು ಸದ್ದಾದ ಹಾಗಾಯಿತು,
ನಾನು ಏಣಿ ಮಡಚುತ್ತಿದ್ದೆ,
ಸರಿಯಾಗಿ ಕಾಣಲಿಲ್ಲ.